ಗಾಜಿನ ತೂತಿಗೆ ವಿಭೂತಿ

ಐವತ್ತೊಂದನೆಯ ವಯಸ್ಸಿಗೆ ನನಗೆ ಕಾರಿನ ಹುಚ್ಚು ಹಿಡಿಯಿತು. ಹುಚ್ಚು ಅನ್ನುವ ಮಾತು ನನ್ನದಲ್ಲ, ನಮ್ಮ ಯಜಮಾನರದು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಸಾವಿರಾರು ಮಕ್ಕಳಿಗೆ ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಆದರೆ ನಾನು ಎಲ್ಲಿಗಾದರೂ ಹೋಗಬೇಕೆಂದರೆ ಬಾಗಿಲಲ್ಲಿ ನಿಂತು ಯಾರಾದರೂ ಕರೆದುಕೊಂಡು ಹೋಗಲಿ ಎಂದು ಕಾಯಬೇಕಿತ್ತು. ಯಜಮಾನರದು ದಾವಣಗೆರೆಯ ಹಳೇ ಪೇಟೆಯಲ್ಲಿ ಹಗ್ಗ, ಹುರಿ, ಗೋಣಿಚೀಲದ ಅಂಗಡಿ. ಅಂಗಡಿಗೆ ಬಿಡುವಾದರೆ ನನಗೆ ತವರು, ನನಗೆ ಮದುವೆಮನೆ, ನನಗೆ ಆಸ್ಪತ್ರೆ. ಆನೆಕೊಂಡದ ನಮ್ಮ ಮನೆ ಮುಂದೆ ಹೊಂಗೆ ಮರದ ಕೆಳಗೆ ಒಂದು ಪುಟ್ಟ ಹಳೇ ಕಾರು ವಾರಕ್ಕೆ ಆರು ದಿನ ಸುಮ್ಮನೆ ಎಲೆ ಹೊದ್ದುಕೊಂಡು ನಿಂತಿರುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ರೇಗಿಹೋಯಿತು.

ಮೊದಲು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅಲ್ಲಿ ಕಲಿಸುವವನ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇತ್ತು. ನಾನು ಏನು ಮಾಡಿದರೂ ಅವನು ತನ್ನ ಕಾಲು ಆಡಿಸುತ್ತಿದ್ದ. ಒಂದು ದಿನ ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಕೂತಿರುವಾಗ, ಮೇಡಂ ಸ್ಟೀರಿಂಗ್ ಹಿಡಿದಿರೋದು ಫೋಟೋಕ್ಕೆ, ಗಾಡಿ ಓಡಿಸ್ತಿರೋದು ನಾನು ಅಂದುಬಿಟ್ಟ. ಹಿಂದಿದ್ದವರು ನಕ್ಕರು. ನಾನು ಅಲ್ಲೇ ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಇಳಿದು, ನನ್ನ ಸ್ವಂತ ಕಾರಿನಲ್ಲೇ ಟೆಸ್ಟ್ ಕೊಟ್ಟು ಪಾಸಾಗಿ ನಿನಗೆ ತೋರಿಸ್ತೀನಿ ಎಂದು ಹೇಳಿ ಬಿಸಿಲಲ್ಲಿ ನಡೆದುಕೊಂಡೇ ಮನೆಗೆ ಬಂದೆ. ಆಡಿದ ಮಾತು ಆಡಿಯಾಗಿತ್ತು. ಇನ್ನು ಆ ಸ್ಕೂಲಿನ ಕಾರಿನಲ್ಲಿ ಟೆಸ್ಟಿಗೆ ಹೋಗುವ ಮುಖ ನನಗಿರಲಿಲ್ಲ.

ಆಮೇಲೆ ಯಜಮಾನರೇ ಭಾನುವಾರ ಪಕ್ಕದಲ್ಲಿ ಕೂತು ಕೊಂಡಜ್ಜಿ ಕೆರೆಯ ಕಡೆಯ ರಸ್ತೆಯಲ್ಲಿ ಕಲಿಸಿದರು. ಕಲಿಸಿದರು ಅಂದರೆ, ಫೋನಿನಲ್ಲಿ ಗಿರಾಕಿಗಳ ಜೊತೆ ಗೋಣಿಚೀಲದ ರೇಟು ಮಾತಾಡುತ್ತಾ ಕೂತಿರುತ್ತಿದ್ದರು. ಅವರದೊಂದು ಕರಾರು ಇತ್ತು. ನನ್ನ ಕಲಿಕಾ ಲೈಸೆನ್ಸಿನ ಅವಧಿ ಆರು ತಿಂಗಳು. ಅಷ್ಟರೊಳಗೆ ಪಕ್ಕಾ ಲೈಸೆನ್ಸ್ ಬಂದರೆ ಕಾರು ಮನೆಯಲ್ಲಿ ಉಳಿಯುತ್ತದೆ. ಬರದಿದ್ದರೆ ಮಾರುತ್ತಾರೆ. ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿ ಆ ಕಾರಿನ ಮೇಲೆ ಎರಡು ವರ್ಷದಿಂದ ಕಣ್ಣಿಟ್ಟಿದ್ದರು. ಅವರಿಗೂ ದಿನ ಗೊತ್ತುಮಾಡಿ ಹೇಳಿದ್ದಾಯಿತು. ನನ್ನ ಟೆಸ್ಟ್ ಬುಧವಾರ, ಲೈಸೆನ್ಸಿನ ಅವಧಿ ಮುಗಿಯುವುದು ಶುಕ್ರವಾರ, ಅವರು ಬರುವುದು ಶನಿವಾರ.

ಟೆಸ್ಟಿಗೆ ಒಂದು ತಿಂಗಳಿರುವಾಗ ಒಂದು ಭಾನುವಾರ ಹೈವೇ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದೆ. ಮುಂದೊಂದು ಜಲ್ಲಿ ಲಾರಿ. ಅದರಿಂದ ಒಂದು ಕಲ್ಲು ಎಗರಿ ಬಂದು ಟಕ್ ಎಂದು ಮುಂದಿನ ಗಾಜಿಗೆ ಬಡಿಯಿತು. ಯಜಮಾನರು ಆ ಕಡೆ ತಿರುಗಿ ಫೋನಿನಲ್ಲಿದ್ದರು. ಏನದು ಅಂದರು. ಏನೋ ಕಡ್ಡಿ ಅಂದೆ. ನನ್ನ ಜೀವನದಲ್ಲಿ ಅಷ್ಟು ಬೇಗ ನಾನು ಸುಳ್ಳು ಹೇಳಿದ್ದು ಅದೇ ಮೊದಲು. ಮನೆಗೆ ಬಂದು ಅವರು ಒಳಗೆ ಹೋದಮೇಲೆ ನೋಡಿದೆ. ಗಾಜಿನ ಮೇಲ್ಭಾಗದಲ್ಲಿ, ನಡುವೆ, ಉದ್ದಿನಬೇಳೆಯಷ್ಟು ದೊಡ್ಡ ತೂತು. ಸುತ್ತ ಸಣ್ಣ ನಕ್ಷತ್ರದ ಹಾಗೆ ಗೆರೆ. ಒಳಗಿನಿಂದ ಮುಟ್ಟಿದರೆ ನುಣ್ಣಗಿತ್ತು, ಪೂರಾ ತೂತಾಗಿರಲಿಲ್ಲ.

ಇದನ್ನು ನೋಡಿದರೆ ಯಜಮಾನರು ಕಲಿಕೆ ನಿಲ್ಲಿಸುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಏನು ಮಾಡಲಿ ಎಂದು ನಿಂತಾಗ ಹೊಳೆಯಿತು. ನಮ್ಮ ಮನೆಯಲ್ಲಿ ಸೋಮವಾರಕ್ಕೊಮ್ಮೆ ಕಾರಿಗೆ ಪೂಜೆ. ಗಾಜಿನ ಮೇಲ್ಗಡೆ ನಡುವೆ ಮೂರು ಬೆರಳಿನ ವಿಭೂತಿ, ಅದರ ಮೇಲೊಂದು ಕುಂಕುಮ. ತೂತು ಇದ್ದದ್ದು ಸರಿಯಾಗಿ ಅಲ್ಲೇ! ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ನೆನೆಸಿ, ಒಣಗಿದರೆ ಉದುರದಿರಲಿ ಎಂದು ಎರಡು ಹನಿ ದೀಪದೆಣ್ಣೆ ಸೇರಿಸಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ತೂತಿಗೆ ತುಂಬಿದೆ. ಮೇಲೆ ಮೂರು ಗೆರೆ, ನಡುವೆ ದೊಡ್ಡ ಕುಂಕುಮ. ಹಿಂದೆ ಸರಿದು ನೋಡಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗಿತ್ತು. ಅವತ್ತಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ನಮ್ಮತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮೂವತ್ತು ವರ್ಷಕ್ಕೆ ಸೊಸೆಗೆ ಭಕ್ತಿ ಬಂತು ಎಂದು ಪಕ್ಕದ ಮನೆಯವರಿಗೆ ಹೇಳಿಕೊಂಡು ಖುಷಿಪಟ್ಟರು. ನಾನು ತಲೆ ತಗ್ಗಿಸಿ ವಿಭೂತಿ ಒತ್ತುತ್ತಿದ್ದೆ.

ಟೆಸ್ಟಿಗೆ ಮೂರು ದಿನ ಉಳಿದಿದ್ದ ಭಾನುವಾರ ಮಧ್ಯಾಹ್ನ ಕಾರು ತೊಳೆಯಲು ಹೋದೆ. ಎಲೆ ಉದುರುವ ಮರದಡಿ ಬೇಡವೆಂದು ಬೆಳಿಗ್ಗೆಯೇ ಬಿಸಿಲಿಗೆ ನಿಲ್ಲಿಸಿದ್ದೆ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು. ಬಾನೆಟ್ಟಿನ ಮೇಲೆ ಹಪ್ಪಳ ಸುಡಬಹುದಿತ್ತು. ಬೋರಿನ ತಣ್ಣೀರನ್ನು ಬಕೆಟ್ಟಿನಲ್ಲಿ ಎತ್ತಿ ಗಾಜಿನ ಮೇಲೆ ಸುರಿದೆ. ಟಿಣ್ ಎಂದು ಸಣ್ಣ ಶಬ್ದ. ಕುಂಕುಮದ ಅಡಿಯಿಂದ ಒಂದು ಗೆರೆ ಹೊರಟು, ನಾನು ನೋಡನೋಡುತ್ತಲೇ ಓಡಿತು. ಮೊದಲು ಅಡ್ಡಡ್ಡ, ಆಮೇಲೆ ಡ್ರೈವರ್ ಸೀಟಿನ ಮುಂದೆ ಕೆಳಕ್ಕೆ ಇಳಿದು, ವೈಪರಿನ ಹತ್ತಿರ ನಿಂತಿತು. ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ, ಕಾದ ಗಾಜಿನ ಮೇಲೆ ತಣ್ಣೀರು ಹಾಕಬಾರದು ಎಂದು ಎಂಟನೇ ಕ್ಲಾಸಿಗೆ ಪ್ರತಿ ವರ್ಷ ಹೇಳಿಕೊಡುವವಳು ನಾನೇ. ಖಾಲಿ ಬಕೆಟ್ಟು ಹಿಡಿದುಕೊಂಡು ಹಾಗೇ ನಿಂತಿದ್ದೆ.

ಯಜಮಾನರು ಹೊರಗೆ ಬಂದು ನೋಡಿದರು. ಬೈಯಲಿಲ್ಲ. ಬಿಸಿಲಿಗೆ ಹಳೇ ಗಾಜು ಒಡೆದಿದೆ ಅಂದುಕೊಂಡರು. ಶನಿವಾರ ಬರುವವರಿಗೆ ಫೋನು ಮಾಡಿ, ಗಾಜು ನೀವೇ ಹಾಕಿಸಿಕೊಳ್ಳಬೇಕಾಗುತ್ತದೆ ಎಂದು ಹೇಳುತ್ತೇನೆ ಅಂದರು. ಅಷ್ಟು ಸಮಾಧಾನವಾಗಿ ಹೇಳಿದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಟೆಸ್ಟ್ ಇನ್ನೂ ಆಗಿಲ್ಲ, ಆಗಲೇ ಗಾಡಿ ದಾಟಿಸುವ ಮಾತಾಡುತ್ತೀರಲ್ಲ ಎಂದು ಜಗಳ ತೆಗೆದೆ. ಒಡೆದ ಗಾಜಿನ ಗಾಡಿಯನ್ನು ಟೆಸ್ಟಿಗೆ ಒಳಗೇ ಬಿಡುವುದಿಲ್ಲ ಅಂದರು. ಅದು ನನಗೂ ಗೊತ್ತಿತ್ತು. ಟೆಸ್ಟಿನ ದಿನ ಮುಂದೆ ಹಾಕೋಣವೆಂದು ನೋಡಿದರೆ, ಖಾಲಿ ಇದ್ದದ್ದು ಮುಂದಿನ ತಿಂಗಳು.

ಶಾಲೆಗೆ ಬೇಸಿಗೆ ರಜೆ. ಸೋಮವಾರ ಬೆಳಿಗ್ಗೆ ಶುರುವಾಯಿತು ನನ್ನ ಓಡಾಟ. ಶೋರೂಮಿನವರು ಈ ಮಾಡೆಲ್ಲು ನಿಂತು ಎಷ್ಟೋ ವರ್ಷವಾಯಿತು, ಗಾಜು ಬೇರೆ ಊರಿಂದ ತರಿಸಬೇಕು, ಹತ್ತು ದಿನ ಬೇಕು ಅಂದರು. ಅವರು ಹೇಳಿದ ರೇಟು ಕೇಳಿದರೆ, ಆ ದುಡ್ಡಿಗೆ ಗಾಜಿನ ಜೊತೆ ಅರ್ಧ ಕಾರು ಕೊಡಬೇಕಿತ್ತು. ಇನ್ಶೂರೆನ್ಸ್ ಕಾಗದ ತೆಗೆದು ನೋಡಿದೆ. ಹಳೇ ಗಾಡಿಯೆಂದು ನಾವು ಕಟ್ಟಿದ್ದು ಇನ್ನೊಬ್ಬರಿಗೆ ಡಿಕ್ಕಿಯಾದರೆ ಕೊಡುವ ವಿಮೆ ಮಾತ್ರ. ನಮ್ಮ ಗಾಜಿಗೆ ಅದರಲ್ಲಿ ಕವಡೆಯೂ ಇಲ್ಲ. ಆಗ ನೆನಪಾಯಿತು, ಕರೂರು ಕೈಗಾರಿಕಾ ಪ್ರದೇಶದಲ್ಲಿ ಲಾರಿ, ಬಸ್ಸುಗಳಿಗೆ ಗಾಜು ಕೂರಿಸುವ ಒಂದು ಶೆಡ್ಡಿದೆ. ಅಂಗಡಿ ತೆರೆಯುವ ಮೊದಲು ಒಂದೇ ಒಂದು ಸಲ ಅಲ್ಲಿಗೆ ಬನ್ನಿ ಎಂದು ಯಜಮಾನರನ್ನು ಹೊರಡಿಸಿದೆ.

ಶೆಡ್ಡಿನ ಮಾಲೀಕರು ಐವತ್ತು ದಾಟಿದವರು. ಎರಡೂ ಕೈತುಂಬ ಹಳೇ ಗಾಯದ ಬಿಳಿ ಗೆರೆಗಳು. ಅವರು ಉದ್ದನೆಯ ಬಿರುಕನ್ನು ನೋಡಲೇ ಇಲ್ಲ. ನೇರ ಕುಂಕುಮದ ಹತ್ತಿರ ಹೋಗಿ, ಸೂಜಿಯಂಥದ್ದೊಂದರಲ್ಲಿ ಕೆದಕಿ, ಉದುರಿದ ಬಿಳಿಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು.

"ಅಕ್ಕಾರೆ, ಇದ್ರಾಗೆ ಏನ್ ತುಂಬೀರಿ?"

ನನ್ನ ಪಕ್ಕದಲ್ಲೇ ಯಜಮಾನರು ನಿಂತಿದ್ದರು. ವಿಭೂತಿ ಅಂದೆ.

"ಎಷ್ಟು ದಿನದಿಂದ?"

ಒಂದು ತಿಂಗಳಿಂದ ಅಂದೆ. ಆತ ನಗಲಿಲ್ಲ, ಅದೇ ನನ್ನ ಪುಣ್ಯ. ಕಲ್ಲು ಬಡಿದ ದಿನವೇ, ಇಲ್ಲ ಆ ವಾರದಲ್ಲೇ ತೂತನ್ನು ಹಾಗೇ ಬಿಟ್ಟು ತಂದಿದ್ದರೆ, ಅದರ ಮೇಲೆ ಒಂದು ಸಣ್ಣ ಪಂಪಿಟ್ಟು ಒಳಗಿನ ಗಾಳಿ ಎಳೆದು, ಒಂದು ಥರದ ಅಂಟು ಇಳಿಸಿ, ಬಿಸಿಲಿಗೆ ಹಿಡಿದು ಅರ್ಧ ಗಂಟೆಯಲ್ಲಿ ಮುಚ್ಚುತ್ತಿದ್ದರಂತೆ. ಇಬ್ಬರು ಬೆಣ್ಣೆದೋಸೆ ತಿಂದು ಕಾಫಿ ಕುಡಿಯುವ ದುಡ್ಡಿನಲ್ಲಿ ಕೆಲಸ ಮುಗಿಯುತ್ತಿತ್ತಂತೆ. ತೂತಿನೊಳಗೆ ಧೂಳು, ನೀರು, ಎಣ್ಣೆ ಏನೇ ಹೋದರೂ ಆ ಅಂಟು ಹಿಡಿಯುವುದಿಲ್ಲ. ನಾನು ಮೂರನ್ನೂ ಕಲಸಿ ಒತ್ತಿದ್ದೆ. ಇದು ನನ್ನೊಬ್ಬಳ ತಪ್ಪೂ ಅಲ್ಲವಂತೆ. ಅವರ ಶೆಡ್ಡಿಗೆ ಬರುವ ಹತ್ತು ಗಾಡಿಯಲ್ಲಿ ನಾಲ್ಕಕ್ಕೆ ತೂತಿನ ಮೇಲೆ ಕುಂಕುಮವೋ ವಿಭೂತಿಯೋ ಇದ್ದೇ ಇರುತ್ತದಂತೆ. ಗಾಜಿಗೆ ದೃಷ್ಟಿ ತಾಕಿದೆ ಎಂದು ಡ್ರೈವರುಗಳು ಮೊದಲು ಪೂಜೆ ಮಾಡುತ್ತಾರೆ, ಆಮೇಲೆ ಇವರ ಹತ್ತಿರ ಬರುತ್ತಾರೆ. ದೇವರನ್ನು ಗಾಡಿಯ ಎಲ್ಲಿಗೆ ಬೇಕಾದರೂ ಹಚ್ಚಿ, ತೂತಿಗೆ ಮಾತ್ರ ಒಂದು ತುಂಡು ಟೇಪು ಅಂಟಿಸಿ ತನ್ನಿ ಎಂದು ಹೇಳಿ ಹೇಳಿ ಸಾಕಾಗಿದೆ ಅಂದರು.

ಬಿರುಕು ಇಷ್ಟು ಉದ್ದ ಓಡಿದಮೇಲೆ ಗಾಜು ಬದಲಾಯಿಸದೆ ದಾರಿಯಿಲ್ಲ. ಹೊಸದು ಅವರ ಹತ್ತಿರವೂ ಇರಲಿಲ್ಲ. ಆದರೆ ಅವರು ಫೋನು ಹಚ್ಚಿದರು. ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ನಾಲ್ಕು ಜನಕ್ಕೆ ಮಾತಾಡಿದರು. ಐದನೆಯ ಫೋನಿಗೆ ಅವರ ಮುಖ ಅರಳಿತು. ಹರಿಹರದ ಒಂದು ಗುಜರಿಯಲ್ಲಿ ಇದೇ ಮಾಡೆಲ್ಲಿನ ಕಾರು ಬಂದು ಬಿದ್ದಿದೆ, ಹಿಂಭಾಗ ಅಪ್ಪಚ್ಚಿ, ಮುಂದಿನ ಗಾಜು ಹಾಗೇ ಇದೆ. ಹಳೇ ಕಾರಾದದ್ದೇ ನಮ್ಮ ಅದೃಷ್ಟ ಅಂದರು. ಈಗಿನ ಕಾರುಗಳ ಗಾಜನ್ನು ಅಂಟಿನಿಂದ ಕೂರಿಸಿರುತ್ತಾರೆ, ಬಿಡಿಸುವುದು ಕಷ್ಟ. ಇದಕ್ಕೆ ಸುತ್ತ ಬೀಡಿಂಗು ಅನ್ನುವ ರಬ್ಬರಿನ ಪಟ್ಟಿ ಮಾತ್ರ, ಒಂದರಿಂದ ಬಿಡಿಸಿ ಇನ್ನೊಂದಕ್ಕೆ ಹಾಕಬಹುದು. ಬಿಡಿ ಗಾಜನ್ನು ಟೆಂಪೋದಲ್ಲಿ ತರುವುದಕ್ಕಿಂತ ಕಾರನ್ನೇ ಅಲ್ಲಿಗೆ ಒಯ್ದು ಅಲ್ಲೇ ಕೂರಿಸುವುದು ಕ್ಷೇಮ, ನಾಳೆ ಬೆಳಿಗ್ಗೆ ಹೋಗೋಣ ಅಂದರು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಮನೆಗೆ ವಾಪಸಾದಮೇಲೆ ಯಜಮಾನರು ನೇರ ಅಂಗಡಿಗೆ ಹೋದರು. ರಾತ್ರಿ ಊಟಕ್ಕೆ ಬಂದು ರೊಟ್ಟಿ ಮುರಿಯುತ್ತಾ ಕೇಳಿದರು.

"ಕಲ್ಲು ಬಿದ್ದಿದ್ದು ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕಲಿಸೋದು ನಿಲ್ಲಿಸ್ತಿದ್ರಿ."

ಅವರು ರೊಟ್ಟಿ ತಟ್ಟೆಯಲ್ಲಿಟ್ಟು ಯೋಚನೆ ಮಾಡಿದರು. "ಹೂಂ," ಅಂದರು, "ನಿಲ್ಲಿಸ್ತಿದ್ದೆ."

ಇಲ್ಲ ಎಂದು ಅವರು ಹೇಳಿದ್ದರೆ ನಾನು ಇನ್ನೊಂದು ಜಗಳ ಮಾಡುತ್ತಿದ್ದೆ. ಹೌದು ಅಂದದ್ದಕ್ಕೆ ಇನ್ನೊಂದು ರೊಟ್ಟಿ ಬಡಿಸಿದೆ. ಅತ್ತೆ ಒಳಗಿನಿಂದ, ವಿಭೂತಿ ಹಚ್ಚಿದ್ದು ಭಕ್ತಿಗಲ್ವಾ ಹಾಗಾದ್ರೆ ಎಂದು ಕೇಳಿದರು. ಅವರಿಗೂ ಒಂದು ರೊಟ್ಟಿ ಒಯ್ದುಕೊಟ್ಟೆ.

ಮಂಗಳವಾರ ಅಂಗಡಿಗೆ ಮಾಲು ಬರುವ ದಿನ, ಯಜಮಾನರು ಬರುವ ಹಾಗಿರಲಿಲ್ಲ. ಶೆಡ್ಡಿನ ಗಾಜಿನವರಿಗೆ ಲಾರಿ ಓಡಿಸುವ ಲೈಸೆನ್ಸೂ ಇತ್ತು, ಕಾರಿನದೂ ಇತ್ತು. ಅವರು ಪಕ್ಕದಲ್ಲಿ ಕೂತರೆ ಎಲ್ ಬೋರ್ಡಿನ ಕಾರನ್ನು ನಾನೇ ಓಡಿಸಬಹುದು. ಹಿಂದಿನ ಸೀಟಿನಲ್ಲಿ ಹೊಸ ಬೀಡಿಂಗು, ಶಾಂಪೂ ಪೊಟ್ಟಣ, ಒಂದು ಸುತ್ತು ಹುರಿ. ಹೊರಡುವ ಮೊದಲು ಒಂದು ಪಾಠ ಹೇಳಿದರು. ಗಾಜು ಬಿರುಕುಬಿಟ್ಟಿರುವಾಗ ಪಕ್ಕದ ಕಿಟಕಿ ಇಳಿಸದೆ ಬಾಗಿಲು ಹಾಕಬಾರದು, ಒಳಗಿನ ಗಾಳಿ ಗಾಜನ್ನು ಒದೆಯುತ್ತದೆ. ನಾನು ನಾಲ್ಕೂ ಕಿಟಕಿ ಇಳಿಸಿ, ಮಗು ಮಲಗಿದ ಕೋಣೆಯ ಬಾಗಿಲು ಹಾಕುವಷ್ಟು ಮೆಲ್ಲಗೆ ಬಾಗಿಲು ಹಾಕಿದೆ.

ದಾವಣಗೆರೆಯಿಂದ ಹರಿಹರ ಎಷ್ಟು ದೂರ ಮಹಾ! ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದರೆ ಬಂದುಬಿಡುತ್ತದೆ. ಅವತ್ತು ಮಾತ್ರ ನಾನು ಒಂದೊಂದು ಮರವನ್ನೂ ನೋಡಿದೆ. ಬಿರುಕು ರಸ್ತೆಯನ್ನು ಎರಡು ಮಾಡಿತ್ತು. ಎದುರಿಗೆ ಬರುವ ಬಸ್ಸು ಗೆರೆಯ ಆ ಕಡೆ ಒಂದು, ಈ ಕಡೆ ಒಂದು ಇದ್ದ ಹಾಗೆ ಕಾಣುತ್ತಿತ್ತು. ಬಾತಿ ಗುಡ್ಡದ ಹತ್ತಿರ ಎದುರು ಲಾರಿಯ ಗಾಜಿನ ಹೊಳಪು ಗೆರೆಯ ಮೇಲೆ ಬಿದ್ದು ಕಣ್ಣು ಕೋರೈಸಿತು. ಎದೆ ಡವಡವ ಅನ್ನುತ್ತಿತ್ತು, ಆದರೆ ಹೆದರಿಕೆಗಲ್ಲ. ಹೈಸ್ಕೂಲಿನ ಓಟದ ಪಂದ್ಯಕ್ಕೆ ನಿಲ್ಲುವಾಗ ಹೀಗಾಗುತ್ತಿತ್ತು, ಅದು ಬಿಟ್ಟರೆ ಇದೇ. ಗಾಜಿನವರು ಎಲ್ಲೂ ಬ್ರೇಕು ಹಿಡಿ, ಗೇರು ಹಾಕು ಅನ್ನಲಿಲ್ಲ. ಕೈಕಟ್ಟಿ ಕೂತು ಬಿರುಕನ್ನೇ ನೋಡುತ್ತಿದ್ದರು. ಅವರಿಗೆ ಚಿಂತೆ ಇದ್ದದ್ದು ಗಾಜಿನದು, ನನ್ನದಲ್ಲ. ಅಷ್ಟು ಗೌರವ ಆ ಆರು ತಿಂಗಳಲ್ಲಿ ನನಗೆ ಯಾರೂ ಕೊಟ್ಟಿರಲಿಲ್ಲ.

ಗುಜರಿಯಲ್ಲಿ ನಮ್ಮ ಕಾರಿನ ಅಣ್ಣನೋ ತಮ್ಮನೋ ಬಿದ್ದಿತ್ತು. ಬಣ್ಣವೂ ಒಂದೇ. ನೋಡಿ ಒಂಥರಾ ಸಂಕಟವಾಯಿತು. ಗಾಜಿನವರು ಗಾಜಿಗೆ ನೀರು ಹಾಕಿ ಒರೆಸಿ, ಕೆಳಗೆ ಕೂತು ಅದರ ಮೂಲಕ ಆಕಾಶದ ಕಡೆ ನೋಡಿದರು. ವೈಪರು ಉಜ್ಜಿದ ಗೀರು ಆಳವಾಗಿದ್ದರೆ ಎದುರಿನ ಬೆಳಕಿಗೆ ಗಾಜೆಲ್ಲ ಬೆಳ್ಳಗಾಗುತ್ತದೆ, ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡವಂತೆ. ಆಮೇಲೆ ಅಂಚಿನುದ್ದಕ್ಕೂ ಬೆರಳಾಡಿಸಿದರು. ನಾಣ್ಯದಿಂದ ಮೆಲ್ಲಗೆ ಬಡಿದು ಶಬ್ದ ಕೇಳಿದರು. "ಚಲೋ ಐತೆ," ಅಂದರು. ಗುಜರಿಯವರು ರೇಟು ಹೇಳಿದರು, ನಾನು ಅರ್ಧಕ್ಕೆ ಕೇಳಿದೆ. ಅವರು ತಲೆಯಾಡಿಸಿದರು, ನಾನು ಕೀಲಿಕೈ ತೆಗೆದುಕೊಂಡು ಹೊರಟವಳ ಹಾಗೆ ಮಾಡಿದೆ. ಕೊನೆಗೆ ಗಾಜು, ಬೀಡಿಂಗು, ಕೂರಿಸುವ ಕೂಲಿ ಎಲ್ಲ ಸೇರಿ ಶೋರೂಮಿನವರು ಹೇಳಿದ್ದರ ಕಾಲುಭಾಗಕ್ಕೆ ಬಂತು. ಅದು ನನ್ನ ಸಂಬಳದ ದುಡ್ಡು, ಯಾರನ್ನೂ ಕೇಳಬೇಕಿರಲಿಲ್ಲ.

ಬಿಡಿಸುವ ಕೆಲಸ ಸಲೀಸಾಗಿ ಆಯಿತು. ಗಾಜಿನವರು ರಬ್ಬರಿನ ತುಟಿಯನ್ನು, ಅಂದರೆ ಬೀಡಿಂಗಿನ ಒಳ ಅಂಚನ್ನು, ಒಂದು ಮರದ ಚಕ್ಕೆಯಿಂದ ಎಬ್ಬಿಸಿ, ಸೀಟಿನ ಮೇಲೆ ಮಲಗಿ, ಎರಡೂ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಒಳಗಿನಿಂದ ಮೆಲ್ಲಗೆ ಒತ್ತಿದರು. ಗಾಜು ಹೊರಗೆ ಬಂತು. ನಮ್ಮದನ್ನೂ ಹಾಗೇ ಬಿಡಿಸಿದರು. ಗಾಜಿಲ್ಲದ ನಮ್ಮ ಕಾರು ಹಲ್ಲು ಉದುರಿದವರ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿತು.

ಕೂರಿಸುವುದೇ ಕಷ್ಟದ್ದು. ಗಾಜಿನ ಸುತ್ತ ಬೀಡಿಂಗು ಹಾಕಿ, ಬೀಡಿಂಗಿನ ಸಂದಿಯಲ್ಲಿ ಸುತ್ತಲೂ ಹುರಿ ಕೂರಿಸಿ, ಶಾಂಪೂ ನೀರು ಹಚ್ಚಿ, ಕಾರಿಗೆ ಹೊಂದಿಸಿ ಹಿಡಿಯಬೇಕು. ಒಳಗೆ ಕೂತವರು ಹುರಿ ಎಳೆದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬಂದು ಕೂರುತ್ತದೆ. ಒಳಗೆ ಕೂರುವ ಕೆಲಸ ನನಗೆ ಬಂತು. ಎಳೆದೆ. ಒಂದು ಗೇಣು ಬಂತು, ಎರಡು ಗೇಣು ಬಂತು, ಪಟ್ ಎಂದು ಹುರಿ ಹರಿಯಿತು. ಗಂಟು ಹಾಕಿ ಮತ್ತೆ ಶುರು ಮಾಡಿದೆವು. ಈ ಸಲ ಹುರಿಯ ಎಳೆ ಬಿಚ್ಚಿಕೊಂಡು ರಬ್ಬರಿಗೆ ಸಿಕ್ಕಿಕೊಂಡಿತು. ಗಾಜಿನವರ ಮುಖ ಸಪ್ಪಗಾಯಿತು. ಇನ್ನೊಂದು ಸಲ ಹೀಗಾದರೆ ರಬ್ಬರು ಸೀಳುತ್ತದೆ, ಆಮೇಲೆ ಇನ್ನೊಂದು ಬೀಡಿಂಗು ತರಬೇಕು, ಇವತ್ತಿನ ದಿನ ಹೋದಂತೆ ಅಂದರು. ಬುಧವಾರ ಅನ್ನುವುದು ಆಗಲೇ ತಲೆಯ ಮೇಲೆ ಬಂದು ಕೂತಿತ್ತು.

ಯಜಮಾನರಿಗೆ ಫೋನು ಮಾಡಿದೆ. ಸಹಾಯ ಕೇಳಲು ಮಾಡಿದ್ದಲ್ಲ. ಮುಗಿಯಿತು, ಶನಿವಾರದವರಿಗೆ ಬರಲು ಹೇಳಿ, ಗಾಜೇ ಇಲ್ಲದ ಕಾರು ಒಯ್ಯಲಿ ಎಂದು ಸಿಟ್ಟಿನಲ್ಲಿ ಹೇಳಲು ಮಾಡಿದ್ದು. ಅವರು ಎಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ಎಂಥ ಹುರಿ ಅದು? ಹೊಸೆದಿದ್ದಾ, ಹೆಣೆದಿದ್ದಾ?"

ಕೈಯಲ್ಲಿದ್ದ ತುಂಡು ನೋಡಿದೆ. ಹೊಸೆದದ್ದು ಅಂದೆ.

"ಅಲ್ಲೇ ಇರ್ರಿ. ನಾ ಬರೋ ತನಕ ಯಾರೂ ಮುಟ್ಟಬ್ಯಾಡ್ರಿ."

ನಮ್ಮ ಮದುವೆಯಾದಾಗಿನಿಂದ, ಮನೆಯಲ್ಲಿ ಸಾವಾದ ದಿನ ಬಿಟ್ಟರೆ, ನಡುಮಧ್ಯಾಹ್ನ ಆ ಅಂಗಡಿಯ ಬಾಗಿಲು ಹಾಕಿದ್ದನ್ನು ನಾನು ನೋಡಿಲ್ಲ. ಮಾಲು ಬರುವ ಮಂಗಳವಾರ ಅದನ್ನು ಹಾಕಿ, ಬಸ್ಸು ಹತ್ತಿ, ಬಸ್ ಸ್ಟ್ಯಾಂಡಿನಿಂದ ಗುಜರಿಗೆ ನಡೆದು ಬಂದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೊರಳಲ್ಲಿ ಬಿಳಿ ಹುರಿಯ ಒಂದು ಸುತ್ತು ಹಾರದ ಹಾಗೆ. ನನ್ನನ್ನು ನೋಡಲೂ ಇಲ್ಲ, ನೇರ ಗಾಜಿನವರಿಗೆ ಪಾಠ ಶುರು ಮಾಡಿದರು. ಹೊಸೆದ ಹುರಿ ಎಳೆದಂತೆ ತಿರುಗುತ್ತದೆ, ತಿರುಗಿದರೆ ಎಳೆ ಬಿಡುತ್ತದೆ. ಹೆಣೆದದ್ದು ಎಳೆದಷ್ಟೂ ನೆಟ್ಟಗೆ ಬರುತ್ತದೆ, ಮೈ ನುಣುಪು, ರಬ್ಬರಿಗೆ ಕಚ್ಚುವುದಿಲ್ಲ. ಇಪ್ಪತ್ತು ವರ್ಷದಿಂದ ಗಾಜು ಕೂರಿಸುತ್ತಿದ್ದವರು ಕೈಕಟ್ಟಿ ಕೇಳಿದರು. ಹುರಿಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಬೆರಳ ಸಂದಿಯಲ್ಲಿ ಹಾಯಿಸಿ, ಬೀಡಿಂಗಿನ ಸಂದಿಗೆ ಯಜಮಾನರೇ ತಮ್ಮ ಕೈಯಿಂದ ಕೂರಿಸಿದರು. ಎರಡು ತುದಿಯನ್ನು ಕೆಳಗೆ ನಡುವೆ ಒಂದರ ಮೇಲೊಂದು ಬರುವ ಹಾಗೆ ಬಿಟ್ಟು ನನ್ನ ಕೈಗೆ ಕೊಟ್ಟರು.

ಅವರಿಬ್ಬರೂ ಹೊರಗಿನಿಂದ ಅಂಗೈ ಅಗಲಿಸಿ ಗಾಜನ್ನು ಒತ್ತಿ ಹಿಡಿದರು. ನಾನು ಒಳಗೆ ಮಂಡಿಯೂರಿ ಕೂತೆ. "ಎಳಿ," ಅಂದರು ಯಜಮಾನರು. "ನಿಧಾನ. ನಿಲ್ಲಬ್ಯಾಡ." ಎಳೆದೆ. ರಬ್ಬರಿನ ತುಟಿ ಟಪ್ ಟಪ್ ಎಂದು ಅಂಚನ್ನು ದಾಟಿ ಒಳಗೆ ಹಾರತೊಡಗಿತು. ನಾನು ಎಳೆದ ಕಡೆಗೆಲ್ಲ ಯಜಮಾನರ ಅಂಗೈ ಹೊರಗಿನಿಂದ ಬರುತ್ತಿತ್ತು. ಗಾಜಿನ ಆ ಕಡೆ ಒಂದು ಗೇಣು ದೂರದಲ್ಲಿ ಅವರ ಮುಖ. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿನ ಮೇಲೆ ಬಂದಿತ್ತು. ಅವರು ನನ್ನನ್ನಲ್ಲ, ನನ್ನ ಕೈಯಲ್ಲಿದ್ದ ಹುರಿಯನ್ನು ನೋಡುತ್ತಿದ್ದರು. ಕಾರು ಮಾರಬೇಕೆಂದವರೇ ಇವರು, ಇಷ್ಟು ಬಿಸಿಲಲ್ಲಿ ಅದನ್ನು ಉಳಿಸಲು ನಿಂತಿದ್ದಾರಲ್ಲ ಅನ್ನಿಸಿ ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಮೇಲಿನ ಮೂಲೆ ಸುತ್ತಿ, ಇನ್ನೊಂದು ಮೂಲೆ ಸುತ್ತಿ, ಹುರಿಯ ಕೊನೆಯ ತುದಿ ನನ್ನ ಮಡಿಲಿಗೆ ಬಿತ್ತು. ಗಾಜಿನವರು ಸುತ್ತಲೂ ಅಂಗೈಯಲ್ಲಿ ಗುದ್ದಿ, ಒಂದು ಕೊಡ ನೀರು ಸುರಿದು ನೋಡಿದರು. ಒಳಗೆ ಒಂದು ಹನಿಯೂ ಬರಲಿಲ್ಲ. ನಾನು ಕೂತಲ್ಲೇ ಚಪ್ಪಾಳೆ ಹೊಡೆದೆ, ಗುಜರಿಯವರೂ ಬಂದು ನೋಡಿ ಹೋದರು.

ವಾಪಸು ನಾನೇ ಓಡಿಸಿದೆ. ಗಾಜಿನವರು ರೂಢಿಯ ಮೇಲೆ ಮುಂದೆ ಕೂತುಬಿಟ್ಟರು. ಯಜಮಾನರು ಏನೂ ಹೇಳದೆ ಹಿಂದಿನ ಸೀಟಿನಲ್ಲಿ ಕೂತರು. ರಸ್ತೆ ಮತ್ತೆ ಒಂದೇ ಆಗಿತ್ತು. ಬಾತಿ ದಾಟುವಾಗ ನಾನು ಹಾಡು ಗುನುಗುತ್ತಿದ್ದೆನಂತೆ, ನನಗೆ ಗೊತ್ತೇ ಆಗಲಿಲ್ಲ.

ಬುಧವಾರ ಆರ್‌ಟಿಒ ಕಚೇರಿಯ ಮೈದಾನದಲ್ಲಿ ಡ್ರೈವಿಂಗ್ ಸ್ಕೂಲಿನವನೂ ಇದ್ದ. ನಾನು ಬೇಕೆಂದೇ ಅವನಿಗೆ ಕಾಣುವ ಹಾಗೆ ಕಾರು ನಿಲ್ಲಿಸಿದೆ. ಇನ್ಸ್‌ಪೆಕ್ಟರು ಕಾರನ್ನು ಸುತ್ತಿ ನೋಡಿ, ಲೈಟು, ಹಾರನ್ನು ಪರೀಕ್ಷಿಸಿ, ಗಾಜಿನ ಹತ್ತಿರ ಒಂದು ಕ್ಷಣ ನಿಂತರು. ಗಾಜು ಹೊಸದಾ ಎಂದು ಕೇಳಿದರು. ಹಳೇದು ಸರ್, ನಿನ್ನೆ ಹಾಕಿಸಿದ್ದು ಅಂದೆ. ಮುಂದಕ್ಕೆ ಹೋಗಿ ಎಂದು ಕೈ ಮಾಡಿದರು. ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿದೆ. ಹಿಂದಕ್ಕೆ ತರುವಾಗ ಒಂದು ಸಲ ಎಂಜಿನ್ ನಿಂತೇ ಹೋಯಿತು. ಮತ್ತೆ ಚಾಲೂ ಮಾಡಿ, ತಂದು ಗೆರೆಯೊಳಗೆ ನಿಲ್ಲಿಸಿದೆ. ಇನ್ಸ್‌ಪೆಕ್ಟರು ಕಾಗದದ ಮೇಲೆ ಗೀಚಿ, ಆಯ್ತು ಹೋಗಿ ಮೇಡಂ ಅಂದರು. ಪಾಸಾ ಸರ್ ಎಂದು ಕೇಳಿದೆ. ಪಾಸು ಅಂದರು. ನಾನು ಇನ್ನೊಮ್ಮೆ ಕೇಳಿದೆ. ಅವರು ನಕ್ಕರು. ಇಪ್ಪತ್ತಾರು ವರ್ಷ ಮಕ್ಕಳಿಗೆ ರಿಸಲ್ಟು ಹೇಳುತ್ತಾ ಬಂದವಳು, ಪಾಸಾದ ಮಗುವಿಗೆ ಹೇಗನ್ನಿಸುತ್ತದೆಂದು ನಾನು ಮರೆತೇಬಿಟ್ಟಿದ್ದೆ. ಶುಕ್ರವಾರ ಸಂಜೆ ಲೈಸೆನ್ಸು ಫೋನಿನಲ್ಲಿ ಬಂತು. ಕಾರ್ಡು ಅಂಚೆಯಲ್ಲಿ ಬರುತ್ತದಂತೆ. ಅತ್ತೆಗೆ ಫೋನಿನಲ್ಲಿ ನನ್ನ ಫೋಟೋ ತೋರಿಸಿದೆ. ಇದ್ರಾಗೆ ಯಾಕ ಸಿಟ್ಟು ಮಾಡ್ಕಂಡು ಕುಂತೀಯ ಎಂದರು.

ಶನಿವಾರ ಬೆಳಿಗ್ಗೆ ರಾಣೆಬೆನ್ನೂರಿನವರು ಬಂದೇಬಿಟ್ಟರು. ಅವರಿಗೆ ಬರಬೇಡಿ ಎಂದು ಫೋನು ಮಾಡಲು ಯಜಮಾನರು ಮರೆತಿದ್ದರೋ, ಮಾಡಲು ಸಂಕೋಚಪಟ್ಟಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ವಾಪಸು ಹೋಗುವಾಗ ಕಾರಿನಲ್ಲೇ ಹೋಗುವ ಲೆಕ್ಕದಲ್ಲಿ ಪಾಪ ಬಸ್ಸಿನಲ್ಲಿ ಬಂದಿದ್ದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಗಾಜು ಹಾಕಿಸಿದ್ದು ನೋಡಿ, ತಮಗಾಗಿಯೇ ಹಾಕಿಸಿದ್ದೆಂದು ತಿಳಿದು ಯಜಮಾನರ ಕೈ ಹಿಡಿದು ಸಂತೋಷಪಟ್ಟರು. ನಾನು ಬಾಗಿಲ ಒಳಗೆ ನಿಂತಿದ್ದೆ. ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ಆ ಕಾರಿನ ಕಾಗದವೆಲ್ಲ ಯಜಮಾನರ ಹೆಸರಲ್ಲಿದೆ. ಕರಾರು ಅಂದದ್ದು ಗಂಡ ಹೆಂಡಿರ ನಡುವಿನ ಮಾತು, ಬಂದವರು ಪೇಟೆಯಲ್ಲಿ ಬೇಕಾದವರು. ಅವರು ಬೆಲೆಯ ಮಾತು ತೆಗೆದರು.

ಯಜಮಾನರು ಬಾಗಿಲ ಕಡೆ ಕೈ ತೋರಿಸಿದರು. "ನನ್ನ ಕೇಳಬ್ಯಾಡ್ರಿ," ಅಂದರು. "ಗಾಡಿ ನಮ್ಮನೇವರದ್ದು. ಅವರ್ನ ಕೇಳ್ರಿ."

ರಾಣೆಬೆನ್ನೂರಿನವರು ಬಾಗಿಲ ಕಡೆ ತಿರುಗಿದರು. ಕೊಡಲ್ಲ ರೀ, ತಪ್ಪು ತಿಳೀಬೇಡಿ ಅಂದೆ ಅಷ್ಟೇ. ಅವರ ಮುಖ ಚಿಕ್ಕದಾಯಿತು. ಇಷ್ಟು ದೂರ ಬಂದವರು, ಚಹಾ ಕುಡಿದು ಎದ್ದು, ಆಟೋ ಸಿಗುತ್ತದಾ ಇಲ್ಲಿ ಎಂದು ಕೇಳಿದರು. ನಾನು ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದುಕೊಂಡೆ. ಬನ್ನಿ, ಬಸ್ ಸ್ಟ್ಯಾಂಡಿಗೆ ನಾನೇ ಬಿಡುತ್ತೇನೆ ಅಂದೆ.

ಅವರು ಬೇಡ ಬೇಡವೆನ್ನುತ್ತಲೇ ಹತ್ತಿದರು. ಕೊಳ್ಳಲು ಬಂದ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು, ದಾರಿಯುದ್ದಕ್ಕೂ ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಹೇಳುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೈಮುಗಿದು ಹೋದರು.

ನಾನು ಗೇರು ಹಾಕಿ ಹೊರಟೆ. ವೃತ್ತ ದಾಟಿದಮೇಲೆ ಪಕ್ಕಕ್ಕೆ ನೋಡಿದೆ. ಸೀಟು ಖಾಲಿ. ಹಿಂದೆಯೂ ಯಾರಿಲ್ಲ. ಬ್ರೇಕು ಅನ್ನುವವರಿಲ್ಲ, ನೋಡಿಕೊಂಡು ಅನ್ನುವವರಿಲ್ಲ, ಫೋನಿನಲ್ಲಿ ಗೋಣಿಚೀಲದ ಮಾತಾಡುವವರಿಲ್ಲ. ಕಾರಿನೊಳಗೆ ನಾನೊಬ್ಬಳೇ. ಆನೆಕೊಂಡಕ್ಕೆ ತಿರುಗುವ ಕ್ರಾಸು ಬಂತು. ಮನೆಯಲ್ಲಿ ಒಲೆಯ ಮೇಲೆ ಬೇಳೆ ಇಟ್ಟಿದ್ದೆ, ಅತ್ತೆ ನೋಡಿಕೊಳ್ಳುತ್ತಾರೆ ಅಂದುಕೊಂಡೆ. ನಾನು ತಿರುಗಲಿಲ್ಲ, ನೆಟ್ಟಗೆ ಹೋದೆ.